ನಮೂನೆ ಏಳು

ಜೂನ್ ಮೊದಲ ವಾರ ಶಾಲೆಯನ್ನು ಲಾರಿಯಿಂದ ಇಳಿಸುತ್ತೇವೆ:
ಎರಡು ಕಂಬ, ಐದು ಮಡಿಕೆ ಜಾಲರಿಗೋಡೆ,
ಎಂಬತ್ತೊಂದು ಗಳು, ಉಣ್ಣೆಗಂಬಳಿಯ ಹೊದಿಕೆ,
ಕಿತ್ತಳೆ ಬಣ್ಣದ ಒಂದು ಬಾಗಿಲು.
ಮಧ್ಯಾಹ್ನದೊಳಗೆ ಗುಡಾರ ಎದ್ದು ನಿಂತಿರುತ್ತದೆ.
ಕುರಿ ಮೇಯುವಲ್ಲಿ ಮಕ್ಕಳು, ಮಕ್ಕಳಿರುವಲ್ಲಿ ನಾನು,
ನನ್ನ ಚೀಲದಲ್ಲಿ ಕಚೇರಿಯವರ ನಮೂನೆ ಏಳು.

ಈ ಸಲ ಹದಿನಾಲ್ಕು ಮಂದಿ.
ದಾವಾಸುರೆನನಿಗೆ ಈಗ ಅಲ್ಲದ್ದೆಲ್ಲ ನಿನ್ನೆ.
‘ನಿನ್ನೆ ಅಪ್ಪ ಬರ್ತಾನೆ’ ಅನ್ನುತ್ತಾನೆ.
ಅಪ್ಪ ಗೋಬಿಯ ತಾಮ್ರದ ಗಣಿಯಲ್ಲಿ.
ಬರುವ ದಿನ ನನಗೂ ಗೊತ್ತಿಲ್ಲ, ತಿದ್ದಲಿಲ್ಲ.

ಅಗಲ ಬಟ್ಟಲಿನ ಹಾಲುಚಹಾವನ್ನು
ಬೊಲುರ್ಮಾಳ ಕಣ್ಣೆದುರೇ ಉದ್ದ ಲೋಟಕ್ಕೆ ಸುರಿದೆ.
‘ಜಾಸ್ತಿ ಆಯ್ತು!’
ಮತ್ತೆ ಬಟ್ಟಲಿಗೆ ಸುರಿದೆ.
‘ಯಾಕೆ ಕಡಿಮೆ ಮಾಡಿದೆ?’
ತುಟಿ ನಡುಗಿತು. ವಯಸ್ಸಿಗೆ ಇದು ಸಹಜ,
ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ.
ಆದರೂ ಆಮೇಲೆ ದಿನವೂ ಲೋಟದಲ್ಲೇ ಕೊಟ್ಟೆ.

ಬಣ್ಣದ ಚೀಟಿ ಹಿಡಿದು ಇದೇನು ಅಂದರೆ
‘ತಾತನ ಕುಂಟು ಕುದುರೆ’ ಅನ್ನುತ್ತಾನೆ ಒಬ್ಬ.
ಇನ್ನೊಂದು ಚೀಟಿ: ‘ಅದರ ಮರಿ, ಚಳಿಗಾಲದಲ್ಲಿ.’
ಕಂದು ಎಂಬ ಪದ ಬರುವುದಿಲ್ಲ ಎಂದು ಗುರುತು ಹಾಕಬೇಕು.
ಹಾಕಿದೆ.

ಖಾಂದ್ಮಾ. ನಾಲ್ಕು ವರ್ಷ, ಎರಡು ತಿಂಗಳು.
ಮೂರು ವಾರ ಬಾಗಿಲ ಪಕ್ಕ ಕೂತಳು, ಮಾತಿಲ್ಲ.
‘ಮಗು ಬಳಸುವ ಪದಗಳ ಸಂಖ್ಯೆ’ ಎಂಬಲ್ಲಿ
ಪೆನ್ಸಿಲಿನಿಂದ ಸೊನ್ನೆ ಬರೆದೆ,
ಪೆನ್ನಿನಿಂದ ಬರೆಯಲು ಕೈ ಬರಲಿಲ್ಲ.
ಅವಳಜ್ಜಿ ಕುದುರೆಯಿಂದ ಇಳಿಯದೆಯೇ ಹೇಳಿದಳು:
‘ಮನೇಲೂ ಹಿಂಗೇ. ಕೇಳಿಸ್ಕೊಳ್ತಾಳೆ.
ಎಲ್ಲಾರೂ ಮಾತಾಡಿದ್ರೆ ಕೇಳೋರು ಯಾರು?’

ನಾಲ್ಕನೆಯ ವಾರ ಬಂದ ಹೊಸ ಹುಡುಗ.
ತಾಯಿ ಇಳಿಸಿ, ಮುತ್ತನ್ನೂ ಕೊಡದೆ,
ಮೋಟರ್‌ಸೈಕಲ್ ತಿರುಗಿಸಿ ಹೋದಳು.
ಅತ್ತ. ಒಣಗಿಸಿದ ಮೊಸರು ಕೊಟ್ಟೆ, ಎಸೆದ.
ಶಗೈ ಮೂಳೆಗಳನ್ನು ಉರುಳಿಸಿದೆ, ಒದ್ದ.
ಹದಿಮೂರು ಮಕ್ಕಳೂ ಅಳುವ ಅಂಚಿಗೆ ಬಂದಾಗ
ಖಾಂದ್ಮಾ ಎದ್ದಳು.

‘ತೊಯ್ಗ್... ತೊಯ್ಗ್... ತೊಯ್ಗ್...’

ಹೆತ್ತ ಮರಿಯನ್ನು ಮೂಸಿ ದೂರ ತಳ್ಳುವ ಕುರಿಗೆ
ನಮ್ಮ ಹೆಂಗಸರು ಸಂಜೆಗಟ್ಟಲೆ ಹಾಡುವುದು ಇದನ್ನೇ,
ಮರಿಯನ್ನು ಕೆಚ್ಚಲಿಗೆ ಒತ್ತಿ ಹಿಡಿದುಕೊಂಡು,
ಅದರ ಕಲ್ಲುಮನಸ್ಸು ಕರಗುವ ತನಕ.
ಅರ್ಥ ಯಾರಿಗೂ ಗೊತ್ತಿಲ್ಲ. ಕುರಿ ಕೇಳಿದ್ದೂ ಇಲ್ಲ.

ಹುಡುಗನನ್ನು ಸಮಾಧಾನ ಮಾಡುತ್ತಿದ್ದಾಳೆ ಅಂದುಕೊಂಡೆ.
ಅವಳು ಅವನತ್ತ ನೋಡಲೇ ಇಲ್ಲ.
ಬೆನ್ನು ಅವನಿಗೆ, ಮುಖ ಬಾಗಿಲಾಚೆಗೆ,
ಗುಡ್ಡದ ಮೇಲೆ ಇನ್ನೂ ಕೂರದ ಧೂಳಿಗೆ
ಹಾಡುತ್ತಿದ್ದಳು.

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.
ಆ ಹಾಡು ಮರಿಗಲ್ಲವಲ್ಲ, ತಾಯಿಗೆ.

ರಾತ್ರಿ ರಬ್ಬರ್ ಹುಡುಕಿ ಸೊನ್ನೆ ಅಳಿಸಿದೆ.
ಅಲ್ಲಿ ಏನು ಬರೆಯಬೇಕೋ ತೋಚದೆ
ದೀಪದ ಮುಂದೆ ಕೂತಿದ್ದೆ. ಒಲೆ ಆರಿತು.

ಆಗಸ್ಟ್ ಕೊನೆಗೆ ಗುಡಾರ ಬಿಚ್ಚಿದೆವು.
ಕಂಬಳಿ ಸುತ್ತಿ, ಗಳು ಕಟ್ಟಿ, ಬಾಗಿಲನ್ನು ಮಲಗಿಸಿ
ಎಲ್ಲ ಲಾರಿಗೆ ಏರಿತು.
ಹುಲ್ಲಿನ ಮೇಲೆ ಹಳದಿಗಟ್ಟಿದ ಒಂದು ದೊಡ್ಡ ವೃತ್ತ.
ಖಾಂದ್ಮಾ ದಕ್ಷಿಣದ ಅಂಚಿಗೆ ಬಂದು,
ಇಲ್ಲದ ಹೊಸ್ತಿಲನ್ನು ತುಳಿಯದ ಹಾಗೆ ಕಾಲೆತ್ತಿ ದಾಟಿ,
ನಡುವೆ ನಿಂತು ಸುತ್ತ ನೋಡಿದಳು.

‘ಒಳಗು ಎಲ್ಲಿಗೆ ಹೋಯ್ತು?’

ಅಭ್ಯಾಸಬಲ, ಬೆರಳು ಮಡಿಸಿದೆ: ಮೂರು ಪದ.
ನಾಲ್ಕನೆಯ ಬೆರಳು ಹಾಗೇ ನಿಂತಿತು.
ಹಗ್ಗ ಬಿಗಿಯುತ್ತಿದ್ದ ಡ್ರೈವರ್ ಗೊಂಬೊ,
ಅರವತ್ತರ ಗಂಡಸು,
ಕೈ ಬಿಟ್ಟು, ಲಾರಿಯ ಹಲಗೆ ಹಿಡಿದು ಹತ್ತಿ,
ಕಂಬಳಿಗಳ ಸಂದಿಯಲ್ಲಿ ಬಗ್ಗಿ ನೋಡಿದ.